ಮಂಚದ ಕೆಳಗಿನ ಎಳನೀರು ಬುರುಡೆಗಳು

ರೋಗಿಯನ್ನು ನೋಡಲು ಆಸ್ಪತ್ರೆಗೆ ಬರುವ ನೆಂಟರನ್ನು ಕಂಡರೆ ನನಗೆ ವಾಕರಿಕೆ ಬರುತ್ತದೆ. ಬೈಯುವವರು ಬೈಯಿರಿ, ಆದರೆ ಪೂರ್ತಿ ಓದಿ ಬೈಯಿರಿ.

ಅಮ್ಮನ ಹೃದಯದ ಬಡಿತ ತಾಳ ತಪ್ಪಿತ್ತು. ತರೀಕೆರೆಯ ಒಂದು ನರ್ಸಿಂಗ್ ಹೋಮಿಗೆ ಸೇರಿಸಿದ್ದೆ. ಮಣಿಕಟ್ಟು ಹಿಡಿದರೆ ನಾಡಿ ಒಮ್ಮೆ ಓಡುತ್ತಿತ್ತು, ಒಮ್ಮೆ ನಿಂತೇ ಹೋಯಿತೇನೋ ಅನ್ನಿಸುತ್ತಿತ್ತು. ಅದೊಂದೇ ಆಗಿದ್ದರೆ ಹೇಗೋ ಆಗುತ್ತಿತ್ತು. ಜೊತೆಗೆ ಹಳೆಯ ಶುಗರ್, ಬಿ.ಪಿ., ಅರ್ಧ ಸೋತ ಕಿಡ್ನಿ. ಒಂದಕ್ಕೆ ಮಾತ್ರೆ ಕೊಟ್ಟರೆ ಇನ್ನೊಂದು ಮುನಿಸಿಕೊಳ್ಳುತ್ತಿತ್ತು.

ಡಾಕ್ಟರು ಮೊದಲೇ ಹೇಳಿದ್ದರು: "ನೋಡಿ ಮೇಡಂ, ಎಳನೀರು, ಬಾಳೆಹಣ್ಣು ಮಾತ್ರ ಕೊಡ್ಬೇಡಿ. ಅದ್ರಲ್ಲಿರೋ ಪೊಟ್ಯಾಶಿಯಂನ ಈ ಕಿಡ್ನಿ ಹೊರಗೆ ಹಾಕಲ್ಲ. ರಕ್ತದಲ್ಲಿ ಜಾಸ್ತಿಯಾದ್ರೆ ಹಾರ್ಟೇ ನಿಂತುಹೋಗ್ಬೋದು."

ಆದರೆ ನಮ್ಮ ಕಡೆ ರೋಗಿಯನ್ನು ಬರಿಗೈಯಲ್ಲಿ ನೋಡುವುದೆಂದರೆ ಅವಮಾನ. ಬುಕ್ಕಾಂಬುಧಿಯಿಂದ ಸೋದರಮಾವ ಎಳನೀರು ಗೊನೆಯನ್ನೇ ಹೊತ್ತು ತಂದರು. ಕೆಸರು ಚಪ್ಪಲಿಯಲ್ಲೇ ವಾರ್ಡಿಗೆ ನುಗ್ಗಿ, ಅಮ್ಮನ ಹಾಸಿಗೆಯ ಮೇಲೆ ಕೂತು, ಅವಳ ವಾಂತಿಗೆಂದು ಇಟ್ಟಿದ್ದ ಬೇಸಿನ್ನಿಗೆ ಎಲೆಅಡಿಕೆ ಉಗಿದರು.

"ಮಾವ, ಎಳನೀರು ಕೊಡಂಗಿಲ್ಲ. ಡಾಕ್ಟ್ರು ಹೇಳವ್ರೆ."

"ಏ, ಸುಮ್ನಿರವ್ವ. ಎಳನೀರು ಕುಡುದ್ರೆ ಸಾಯ್ತಾರೇನೇ? ಎದೆ ಹೊಡ್ಕಳದು ಉಷ್ಣಕ್ಕೆ ಕಣೇ!"

ಇಂಜೆಕ್ಷನ್ ತರಲು ನಾನು ಕೆಳಗಿನ ಮೆಡಿಕಲ್ ಸ್ಟೋರಿಗೆ ಹೋಗಿ ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ಸಂಜೆಯ ಹೊತ್ತಿಗೆ ಅಮ್ಮನ ಕೈಕಾಲು ಸೋತು, ಕಣ್ಣು ಮೇಲಕ್ಕೆ ಹೋಯಿತು.

"ಇವರಿಗೆ ಏನ್ ಕೊಟ್ರಿ?" ಸಿಸ್ಟರ್ ಕಿರುಚಿದರು.

ಮಾವ ಫ್ಯಾನು ನೋಡುತ್ತಾ ನಿಂತರು. "ಏನಿಲ್ಲಮ್ಮ. ಬಾಯಿ ಒಣಗಿತ್ತು, ಗುಟುಕು ನೀರು."

ನಾನು ಬಗ್ಗಿ ನೋಡಿದೆ. ಮಂಚದ ಕೆಳಗೆ ಖಾಲಿ ಬುರುಡೆಗಳ ರಾಶಿ, ಕಚ್ಚಿ ಬಿಸಾಕಿದ ಸ್ಟ್ರಾ, ಸಾಲುಗಟ್ಟಿದ ಇರುವೆ. ಸಿಸ್ಟರಿಗೆ ಒಂದು ಬುರುಡೆ ಎತ್ತಿ ತೋರಿಸಿದೆ. ಅವರು ಡಾಕ್ಟರನ್ನು ಕರೆಯಲು ಓಡಿದರು.

ರಕ್ತ ತೆಗೆದರು, ಇಂಜೆಕ್ಷನ್ ಚುಚ್ಚಿದರು, ಡ್ರಿಪ್ ಹಾಕಿದರು. ಅಮ್ಮ ಹೇಗೋ ಉಳಿದಳು.

ಅವಳು ಎದ್ದು ಕೂರುವ ಹೊತ್ತಿಗೆ ಮಾವ ಮತ್ತೆ ಹಾಜರ್. ಕೈಯಲ್ಲಿ ಮತ್ತೆ ಕೊಚ್ಚಿದ ಎಳನೀರು! "ನೋಡ್ದೇನೇ? ಅವತ್ತು ನಾನು ಕುಡಿಸಿದ್ದಕ್ಕೇ ನಮ್ಮಕ್ಕ ಉಳ್ಕಂಡ್ಲು!"

ಅಸಹ್ಯವೆಂದರೆ ಅದಲ್ಲ. ಅಮ್ಮ ಕೈ ಚಾಚಿದಳು. "ಪಾಪ, ಅಜ್ಜಂಪುರದಲ್ಲಿ ಬಸ್ಸು ಬದಲಾಯಿಸ್ಕಂಡು ಹೊತ್ಕಂಡು ಬಂದವ್ನೆ ಕಣೇ. ಒಂದು ಗುಟುಕು ಕುಡೀದಿದ್ರೆ ಬೇಜಾರ್ ಮಾಡ್ಕತಾನೆ."

ತಮ್ಮನ ಬೇಜಾರಿಗೆ ಪ್ರಾಣ ಕೊಡಲು ತಯಾರಿದ್ದಳು! ನಾನು ಬುರುಡೆ ಕಿತ್ತುಕೊಂಡು, ಮಾವನ ಎದುರೇ ಸಿಂಕಿಗೆ ಸುರಿದೆ.

"ನಿನ್ ಮಗಳ ಸೊಕ್ಕು ನೋಡಕ್ಕ!" ಎಂದವರು ದಡದಡ ಹೊರಟುಹೋದರು.

ಅಮ್ಮ ಗೋಡೆಯ ಕಡೆ ತಿರುಗಿ ಮಲಗಿದಳು. ನಾಡಿ ನೋಡಲೆಂದು ಮಣಿಕಟ್ಟು ಹಿಡಿದೆ. ಸಿಟ್ಟಿನಿಂದ ಕೊಸರಿಕೊಂಡಳು. ಕೊಸರುವಷ್ಟು ಶಕ್ತಿ ಬಂದಿದೆಯಲ್ಲ ಎಂದುಕೊಂಡು, ಮಾವ ಮತ್ತೆ ಎಲೆಅಡಿಕೆ ಉಗಿದಿದ್ದ ಆ ಬೇಸಿನ್ ತೊಳೆಯಲು ಎದ್ದೆ.