ಅತ್ತೆ ಆರಿಸಿದ ಸಣ್ಣ ಫರ್ನೇಸು

ಪ್ರತಿ ವರ್ಷ ನವೆಂಬರ್ ಬಂತೆಂದರೆ ನಮ್ಮ ಮನೆಯಲ್ಲಿ ಒಂದು ದಿನ ಸುಟ್ಟ ಧೂಳಿನ ವಾಸನೆ ಏಳುತ್ತದೆ. ಗಾಬರಿಯಾಗಬೇಡಿ, ಬೆಂಕಿ ಬಿದ್ದಿರುವುದಿಲ್ಲ. ಬೇಸಿಗೆಯಿಡೀ ಮಲಗಿದ್ದ ಫರ್ನೇಸು ಎದ್ದು, ಮೈಮೇಲೆ ಕೂತ ಧೂಳನ್ನು ಸುಟ್ಟುಕೊಳ್ಳುವ ವಾಸನೆ ಅದು. ಗ್ಯಾರೇಜಿನ ಮೂಲೆಯಲ್ಲಿ ನಿಂತು, ಗ್ಯಾಸಿನ ಉರಿಯಲ್ಲಿ ಗಾಳಿ ಕಾಯಿಸಿ, ನೆಲದ ಜಾಲರಿಗಳಿಂದ ಕೋಣೆಕೋಣೆಗೆ ಊದುವ ಈ ಯಂತ್ರದ ಮೇಲೆ ನನಗಿರುವ ಪ್ರೀತಿ ನನ್ನ ಕಾರಿನ ಮೇಲೂ ಇಲ್ಲ. ಈ ವರ್ಷವೂ ವಾಸನೆ ಬಂತು. ಜೊತೆಗೆ ಗಡಗಡ ಸದ್ದೂ ಬಂತು. ನೋಡಲು ಬಂದವನು ತಲೆ ಅಲ್ಲಾಡಿಸಿ, ಇದಕ್ಕೆ ವಯಸ್ಸಾಯಿತು, ಹೊಸದು ಹಾಕಿಸಿಕೊಳ್ಳಿ ಎಂದ. ಅವನು ಹೋದ ಮೇಲೆ ನಾನು ಫರ್ನೇಸಿನ ಮೈಮೇಲಿನ ಧೂಳು ಒರೆಸಿದೆ.

ಇದನ್ನು ಆರಿಸಿದ್ದು ನಾನಲ್ಲ, ನನ್ನ ಅತ್ತೆ.

ಡಾಟ್‌ಕಾಮ್ ಕಂಪನಿಗಳ ಬುಡ ಇನ್ನೂ ಅಲುಗಾಡದಿದ್ದ ದಿನಗಳವು. ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದ ನೆವಾರ್ಕಿನಲ್ಲಿ ಈ ಪುಟ್ಟ ಹಳೆಯ ಮನೆಯನ್ನು ಕೊಂಡು ಏಳು ತಿಂಗಳಾಗಿತ್ತು, ಬಸುರಿ ಹೆಂಡತಿ ಗಿರಿಜೆಗೂ ಏಳು ತಿಂಗಳಾಗಿತ್ತು. ಅಕ್ಟೋಬರಿನಲ್ಲಿ ಗ್ಯಾಸಿನವನು ಬಂದು, ಹಳೆಯ ಫರ್ನೇಸಿನ ಒಳತಗಡು ಬಿರುಕುಬಿಟ್ಟಿದೆ, ವಿಷಗಾಳಿ ಒಳಗೆ ಬಂದೀತು ಎಂದು ಅದನ್ನು ಬಂದ್ ಮಾಡಿ, ಬಳಸಬಾರದೆಂಬ ಕೆಂಪು ಚೀಟಿ ಕಟ್ಟಿ ಹೋದ. ಹೊಸದನ್ನು ಇವತ್ತು ನೋಡೋಣ, ನಾಳೆ ನೋಡೋಣ ಎಂದು ನಾನು ಆಫೀಸಿನಲ್ಲೇ ಮುಳುಗಿದ್ದಾಗ ಧಾರವಾಡದಿಂದ ಅತ್ತೆ ಬಾಣಂತನಕ್ಕೆ ಬಂದಿಳಿದರು. ಒಂದು ಸೂಟ್‌ಕೇಸಿನಲ್ಲಿ ಅಂಟಿನ ಉಂಡೆಯ ಸಾಮಾನು, ಇನ್ನೊಂದರ ತುಂಬ ಹಳೆಯ ಸೀರೆಗಳನ್ನು ಸೇರಿಸಿ ಹೊಲಿದ ಕೌದಿಗಳು. ಬಾಗಿಲು ದಾಟಿ ಮಗಳ ಕೈ ಹಿಡಿದವರೇ ನನ್ನತ್ತ ತಿರುಗಿದರು.

"ಇಕಿ ಕೈ ಯಾಕ ಇಷ್ಟ ಥಣ್ಣಗ ಅದಾವ್ರಿ?"

ನಾನು ಬಿರುಕು, ತಗಡು, ಕೆಂಪು ಚೀಟಿ ಎಂದು ವಿವರಿಸತೊಡಗಿದೆ. ಅತ್ತೆ ಪೂರ್ತಿ ಕೇಳಲಿಲ್ಲ.

"ನೋಡ್ರಿ ಅಳಿಯಾರ, ಖರೇ ಹೇಳತೀನಿ. ಕೂಸು ಬರೂದರಾಗ ಈ ಮನಿ ಬೆಚ್ಚಗ ಆಗಲಿಲ್ಲಂದ್ರ, ನಲವತ್ತ ದಿನ ಆದ ಕೂಡಲೆ ನಾ ತಾಯಿ-ಕೂಸು ಇಬ್ಬರನೂ ಧಾರವಾಡಕ್ಕ ಕರಕೊಂಡ ಹೋಗಾಕಿ. ಬ್ಯಾಸಗಿ ಮುಗಿಸಿಕೊಂಡ ಬರ್ತಾರ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಸಮಾಧಾನ ಮಾಡಬಹುದಿತ್ತು. ಇನ್ನೂ ಹುಟ್ಟದ ಮಗುವನ್ನು ಆರು ತಿಂಗಳು ಫೋಟೋದಲ್ಲಿ ನೋಡಬೇಕಾದೀತೆಂದು ಅಂದೇ ರಾತ್ರಿ ಫರ್ನೇಸು ಹಾಕುವವರ ನಂಬರು ಹುಡುಕಿದೆ.

ಆ ಶನಿವಾರ ಸನ್ನಿವೇಲಿನ ಗೆಳೆಯನ ಮನೆಯಲ್ಲಿ, ಎಲ್ಲರೂ ಒಂದೊಂದು ಅಡುಗೆ ತಂದು ಉಣ್ಣುವ ಪಾಟ್‌ಲಕ್ಕಿನಲ್ಲಿ, ನನ್ನ ಸಂಕಟ ತೋಡಿಕೊಂಡೆ. ಅಲ್ಲಿದ್ದ ಒಂಬತ್ತು ಗಂಡಸರೂ ಎಂಜಿನಿಯರುಗಳು. ಬಿಸಿಬೇಳೆಬಾತು ಆರುವ ಮೊದಲೇ ಲ್ಯಾಪ್‌ಟಾಪು ತೆರೆದು ಎಕ್ಸೆಲ್ ಶೀಟು ಸಿದ್ಧವಾಯಿತು. ಫರ್ನೇಸಿನ ಹನ್ನೊಂದು ಗುಣಗಳಿಗೆ ಹನ್ನೊಂದು ಕಾಲಮ್ಮು. ನಮ್ಮಲ್ಲಿ ಒಬ್ಬನೂ ಫರ್ನೇಸಿನ ಮುಚ್ಚಳ ತೆಗೆದು ನೋಡಿದವನಲ್ಲ. ಆದರೂ ತೀರ್ಪು ಸರ್ವಾನುಮತದಿಂದ ಬಂತು: ಸಿಗುವುದರಲ್ಲಿ ದೊಡ್ಡದು.

"ನಾಳೆ ಮೇಲೊಂದು ಫ್ಲೋರು ಹಾಕ್ತೀಯ, ಆಗೇನ್ ಮಾಡ್ತೀಯ? ಸ್ಕೇಲ್ ಆಗ್ಬೇಕು ಗುರೂ!" ಎಂದ ಗೆಳೆಯ.

ಅವನನ್ನು ಬೈದು ಪ್ರಯೋಜನವಿಲ್ಲ. ಮೂವತ್ತು ಜನರಿದ್ದ ನನ್ನ ಕಂಪನಿಯೇ ಇನ್ನೂರು ಕುರ್ಚಿಗಳ ಆಫೀಸು ಬಾಡಿಗೆಗೆ ಹಿಡಿದಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಆ ವರ್ಷ ಬೇ ಏರಿಯಾದಲ್ಲಿ ಚಲಾವಣೆಯಲ್ಲಿರಲಿಲ್ಲ.

ಫರ್ನೇಸು ಹಾಕುವವರಲ್ಲಿ ಮೊದಲನೆಯವನು ಬಾಗಿಲಲ್ಲೇ ನಿಂತು ಒಮ್ಮೆ ಒಳಗೆ ಇಣುಕಿ, ದೊಡ್ಡದೇ ಹಾಕಿಸಿ ಎಂದ. ನನಗೆ ಬಹಳ ಹಿಡಿಸಿದ. ಎರಡನೆಯವನು ಬರಲೇ ಇಲ್ಲ, ಮನೆ ಎಷ್ಟು ಚದರಡಿ ಎಂದು ಫೋನಿನಲ್ಲಿ ಕೇಳಿ ಫ್ಯಾಕ್ಸು ಕಳಿಸಿದ. ಅವನದೂ ದೊಡ್ಡದೇ. ಮೂರನೆಯವರು ಮ್ಯಾನುಯೆಲ್ ಎಂಬ ಮುದುಕರು. ನಮ್ಮ ಚಪ್ಪಲಿಗಳ ಸಾಲು ನೋಡಿ ತಾವೂ ಬೂಟು ಬಿಚ್ಚಿ ಒಳಗೆ ಬಂದರು. ಕಿಟಕಿಗಳನ್ನೆಲ್ಲ ಟೇಪು ಹಿಡಿದು ಅಳೆದರು. ಅಟ್ಟ ಹತ್ತಿ, ತಲೆತುಂಬ ಜೇಡರಬಲೆ ಹೊತ್ತು ಇಳಿದರು. ಟೇಪಿನ ಇನ್ನೊಂದು ತುದಿ ಹಿಡಿದು ಕೋಣೆಯಿಂದ ಕೋಣೆಗೆ ನಡೆದವರು ನಮ್ಮ ಅತ್ತೆ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು, ಆದರೂ ನಾನು ಇಲ್ಲದೆಯೇ ಕೆಲಸ ಸಾಗಿತ್ತು. ಎರಡು ಗಂಟೆಯ ನಂತರ ಮ್ಯಾನುಯೆಲ್ ಊಟದ ಮೇಜಿನ ಮೇಲೆ ಪೆನ್ಸಿಲಿನಲ್ಲಿ ಲೆಕ್ಕ ಹಾಕಿ, ಸಣ್ಣದು ಸಾಕು ಎಂದರು. ದೊಡ್ಡದು ಭರ್ರನೆ ಕಾದು ನಿಲ್ಲುತ್ತದೆ, ಮನೆ ಮತ್ತೆ ತಣ್ಣಗಾಗುತ್ತದೆ. ಸಣ್ಣದು ನಿಧಾನವಾಗಿ, ಒಂದೇ ಸಮನೆ ಉರಿಯುತ್ತದೆ.

ನಾನು ಇದನ್ನು ಅತ್ತೆಗೆ ಹೇಳಿದೆ. ಹೇಳಿದ ರೀತಿಯಲ್ಲೇ ನನ್ನ ಅಪನಂಬಿಕೆ ಬೆರೆಸಿದ್ದೆ.

"ಬರೋಬರಿ ಅದ," ಎಂದರು ಅತ್ತೆ. "ದೊಡ್ಡ ಉರಿ ಇಟ್ರ ಹೋಳಿಗಿ ಹೊರಗ ಸುಡತದ, ಒಳಗ ಹಸೀನ ಉಳೀತದ."

"ಅತ್ತೆ, ದೊಡ್ಡದು ತೊಗೊಂಡ್ರೆ ಸೇಫು. ಆಮೇಲೆ ಚಳಿ ಅಂತ ನೀವೇ ಇವರನ್ನ ಕರ್ಕೊಂಡು ಹೋದ್ರೆ?"

"ಅಳತಿ ತಗೊಳ್ಳದ ಜಂಪರ ಹೊಲಿಯಾಂವಗ ಯಾರರೆ ಅರಿವಿ ಕೊಡ್ತಾರೇನ್ರಿ? ಒಬ್ಬಾಂವ ಬಾಗಲದಾಗ ನಿಂತ ಹೇಳಿದ, ಒಬ್ಬಾಂವ ಮಾರೀನೂ ತೋರಸಲಿಲ್ಲ. ಈ ಅಜ್ಜ ಕಿಡಕಿ ಕಿಡಕಿ ಅಳದಾನ. ಇಂವನ್ನ ನಂಬ್ರಿ."

ಸೋಫಾದ ಮೇಲೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ ಗಿರಿಜೆ ಹೇಳಿದಳು: "ರೀ, ಅವ್ವ ಹೇಳಿದ್ದಕ್ಕ ಹೂಂ ಅಂದಬಿಡ್ರಿ. ಥಂಡಿ ಆತಂದ್ರ ತಪ್ಪು ಆಕಿದು."

ತಪ್ಪು ಅವರದು, ವಿರಹ ನನ್ನದು! ಆದರೂ ಹೂಂ ಅಂದೆ. ಮ್ಯಾನುಯೆಲ್ ಸಣ್ಣದನ್ನೇ ತಂದು ಕೂರಿಸಿದರು. ಸನ್ನಿವೇಲಿನ ಗೆಳೆಯರಿಗೆ ಒಂದು ವಾರ ಮುಖ ತೋರಿಸಲಿಲ್ಲ.

ಡಿಸೆಂಬರಿನಲ್ಲಿ ಮಗಳು ಹುಟ್ಟಿದಳು. ಅತ್ತೆ ತಾವೇ ಹೊಲಿದ ಕುಂಚಿಗೆಯನ್ನು ಅವಳ ತಲೆಗೆ ಕಟ್ಟಿ, ತಾಯಿ-ಮಗುವನ್ನು ಹಿಂದಿನ ಕೋಣೆಯಲ್ಲಿ ಮಲಗಿಸಿದರು. ಎರಡು ದಿನ ಎಲ್ಲ ಚೆನ್ನಾಗಿತ್ತು. ಮೂರನೆಯ ದಿನ ಬೆಳಿಗ್ಗೆ ಮನೆ ತಣ್ಣಗೆ ಕೊರೆಯುತ್ತಿತ್ತು. ಫರ್ನೇಸು ಹೊತ್ತಿಕೊಳ್ಳುವುದು, ಎರಡು ನಿಮಿಷ ಉರಿದು ಆರುವುದು, ಬರೀ ತಣ್ಣನೆಯ ಗಾಳಿ ಊದುವುದು. ನಾನು ಹೇಳಿರಲಿಲ್ಲವೇ ಎನ್ನಬೇಕೆಂದು ಅತ್ತೆಯ ಕಡೆ ತಿರುಗಿದೆ. ಅವರು ಮಗುವನ್ನು ಸೆರಗಿನೊಳಗೆ ಅವಚಿಕೊಂಡಿದ್ದರು.

"ಟ್ರಾವೆಲ್ಸಿನವರಿಗೆ ಫೋನ್ ಮಾಡ್ರಿ," ಎಂದರು ಮೆಲ್ಲಗೆ. "ನಾನು, ಇಕಿ, ಕೂಸು. ನಲವತ್ತ ದಿನಕ್ಕ ಬುಕ್ ಮಾಡಸ್ರಿ."

ನಾನು ಫೋನ್ ಮಾಡಿದೆ, ಟ್ರಾವೆಲ್ಸಿಗಲ್ಲ, ಮ್ಯಾನುಯೆಲ್‌ಗೆ. ಅವರು ಗಂಟೆಯೊಳಗೆ ಬಂದರು. ಫರ್ನೇಸನ್ನು ಬಿಚ್ಚಿ ನೋಡಿದರು, ಏನೂ ಕೆಟ್ಟಿರಲಿಲ್ಲ. ಗಡ್ಡ ಕೆರೆಯುತ್ತ ಬರಿಗಾಲಲ್ಲಿ ಹಾಲಿಗೆ ಬಂದವರು ಮೇಜಿನ ಹತ್ತಿರ ಏನೋ ಮೆತ್ತಗಿನದನ್ನು ತುಳಿದು ನಿಂತರು. ಬಗ್ಗಿ ನೋಡಿದರೆ ನೆಲದ ಜಾಲರಿಯ ಮೇಲೆ ನಾಲ್ಕು ಮಡಿಕೆಯ ಕೌದಿ! ಅಡುಗೆಮನೆಯಲ್ಲಿ ಒಂದು, ನನ್ನ ಆಫೀಸು ಕೋಣೆಯಲ್ಲಿ ಒಂದು. ಬಾಣಂತಿಯ ಕೋಣೆಯೊಂದನ್ನು ಬಿಟ್ಟು ಮನೆಯ ಎಲ್ಲ ಜಾಲರಿಗಳೂ ಬೆಚ್ಚಗೆ ಹೊದ್ದು ಮಲಗಿದ್ದವು. ಬಿಸಿಗಾಳಿಗೆ ಹೊರಹೋಗಲು ದಾರಿಯಿಲ್ಲದೆ ಫರ್ನೇಸಿನ ಒಡಲೇ ಕಾದು, ಸುಟ್ಟುಹೋಗದಿರಲೆಂದು ತನ್ನಷ್ಟಕ್ಕೆ ಆರಿಕೊಳ್ಳುತ್ತಿದೆ ಎಂದರು ಮ್ಯಾನುಯೆಲ್. ಜೀವಮಾನದಲ್ಲಿ ನಾನು ಯಾವ ಮಾತನ್ನೂ ಅಷ್ಟು ನಿಧಾನವಾಗಿ, ಅಷ್ಟು ಸಂತೋಷದಿಂದ ಅನುವಾದ ಮಾಡಿಲ್ಲ.

ಅತ್ತೆ ಸುಲಭಕ್ಕೆ ಬಗ್ಗುವವರಲ್ಲ. "ಮಂದಿ ಇಲ್ಲದ ಖೋಲಿಗೆ ಶಾಖ ಯಾಕ್ರಿ? ಹಿತ್ತಲದಾಗ ಉಳದ ಮಡಿ ಕಟ್ಟಿದ್ರ ಬೇಕಾದ ಮಡಿಗೆ ನೀರು ಜೋರ ಹರೀತದ. ಮೊದಲನೇ ಕೌದಿ ಹಾಸಿದಾಗ ನೀವ ಅಂದ್ರಲ್ಲ, ಛಲೋ ಐಡಿಯಾ ಅತ್ತೆ ಅಂತ?"

ಹೌದು, ಅಂದಿದ್ದೆ. ಅಲ್ಲೇ ನಿಂತು ಮೆಚ್ಚಿಕೊಂಡಿದ್ದೆ. ಮರುದಿನ ಆಫೀಸಿನಲ್ಲಿ ಇಬ್ಬರಿಗೆ ಹೇಳಿಕೊಂಡೂ ಇದ್ದೆ. ನೀವೇ ಹೇಳಿ, ಇಂಥ ಎಂಜಿನಿಯರಿಗೆ ಏನು ಶಿಕ್ಷೆ ಕೊಡಬೇಕು?

ಕೌದಿಗಳು ಎದ್ದವು. ಫರ್ನೇಸು ನಿಧಾನವಾಗಿ, ಒಂದೇ ಸಮನೆ ಉರಿಯಿತು. ಮ್ಯಾನುಯೆಲ್ ಎರಡು ಅಂಟಿನ ಉಂಡೆ ತಿಂದು, ಎರಡನ್ನು ಜೇಬಿಗಿಳಿಸಿಕೊಂಡು ಹೋದರು. ಮಧ್ಯಾಹ್ನದ ಹೊತ್ತಿಗೆ ಅತ್ತೆ ಬಂದ ದಿನದಿಂದ ಬಿಚ್ಚದಿದ್ದ ಸ್ವೆಟರು ಬಿಚ್ಚಿ ಗೂಟಕ್ಕೆ ಹಾಕಿದರು. ಎಲ್ಲ ಕೋಣೆಗಳಲ್ಲೂ ಒಮ್ಮೆ ಓಡಾಡಿ, ಜಾಲರಿಗಳ ಮೇಲೆ ಅಂಗೈ ಹಿಡಿದು ನೋಡಿ ಬಂದು ನನ್ನೆದುರು ಕೂತರು.

"ಟ್ರಾವೆಲ್ಸಿನವರಿಗೆ ಫೋನ್ ಮಾಡಿದ್ರೇನ್ರಿ?"

"ಇಲ್ಲ ಅತ್ತೆ."

"ಮಾಡ್ರಿ. ಒಂದ ಟಿಕೆಟ್ ಸಾಕು, ನಂದಷ್ಟ. ಅದೂ ಬ್ಯಾಸಗಿ ಹೊತ್ತಿಗೆ."

ಫೋನ್ ಮಾಡುವ ನೆಪದಲ್ಲಿ ಗ್ಯಾರೇಜಿಗೆ ಹೋಗಿ ನಾನು ಅತ್ತುಬಿಟ್ಟೆ. ಖುಷಿಗೆ ಅತ್ತಿದ್ದು ಎಂದು ಈಗ ಹೇಳಿಕೊಳ್ಳಲು ನಾಚಿಕೆಯಿಲ್ಲ.

ಮುಂದೆ ಇನ್ನೂರು ಕುರ್ಚಿಗಳ ಕಂಪನಿ ಮುಳುಗಿತು. ದೊಡ್ಡದು ಕೊಳ್ಳಲು ಹೇಳಿದ ಗೆಳೆಯನ ಕಂಪನಿಯೂ ಮುಳುಗಿತು. ಸಣ್ಣ ಫರ್ನೇಸು ಮಾತ್ರ ಇಷ್ಟು ಚಳಿಗಾಲ ದಾಟಿಸಿತು. ಅದರ ಬಿಸಿಯಲ್ಲಿ ಅಂಬೆಗಾಲಿಟ್ಟ ಮಗಳು ಈಗ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತನ್ನದೇ ಮನೆ ಮಾಡಿಕೊಂಡಿದ್ದಾಳೆ. ಹೊಸ ಫರ್ನೇಸಿನ ಅಳತೆಗೆ ನಾಳೆ ಜನ ಬರುತ್ತಾರೆ. ಮನೆಯಲ್ಲಿ ಎಷ್ಟು ಜನ ಎಂದು ಅವರ ಫಾರ್ಮಿನಲ್ಲಿ ಕೇಳಿದ್ದಾರೆ. ಎರಡು ಎಂದು ಬರೆದು, ಆ ಅಂಕಿ ನೋಡುತ್ತ ಸ್ವಲ್ಪ ಮಂಕಾಗಿ, ಧಾರವಾಡದಲ್ಲಿ ಮಗನ ಮನೆಯಲ್ಲಿರುವ ಅತ್ತೆಗೆ ವಿಡಿಯೋ ಕಾಲ್ ಮಾಡಿದೆ. ಎಂಬತ್ತರ ಮುದುಕಿ ಎಲ್ಲ ಕೇಳಿಸಿಕೊಂಡು, ಪರದೆಗೆ ಮುಖ ಆನಿಸಿ ಹೇಳಿದರು:

"ಎರಡ ಮಂದಿ ಅಂತ ಯಾರ ಬರೀ ಅಂದ್ರು ನಿಮಗ? ಮೂರ ಅಂತ ಬರೀರಿ. ಈ ಥಂಡಿಗೆ ನಾ ಬರಾಕಿ."

ಎರಡನ್ನು ಹೊಡೆದುಹಾಕಿ, ದಪ್ಪಕ್ಕೆ ಮೂರು ಎಂದು ಬರೆದೆ.