ಕಾರ್ ಲಾರಿಯ ಬ್ರೇಕು

ಆ ಲಾರಿಯ ಬ್ರೇಕು ಕೆಟ್ಟಿರಲಿಲ್ಲ. ಇಳಿಜಾರಿನಲ್ಲಿ ಇಂಜಿನ್ ಆಫ್ ಮಾಡಿದವನು ನಾನು. ಬ್ರೇಕ್ ಫೇಲಾಯ್ತು ಅಂತ ಸುಳ್ಳು ಹೇಳಿದವನೂ ನಾನೇ — ಮುನಿಯಪ್ಪ. ಆ ಸುಳ್ಳು ಈಗ ನನ್ನ ಮೊಮ್ಮಗಳ ಪುಸ್ತಕದೊಳಗೆ ಹೋಗಿ ಕೂತಿದೆ.

ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟ ಕೈ ಇದು, ಸ್ಟೇರಿಂಗ್ ಹಿಡಿದು ಅಭ್ಯಾಸವೇ ಹೊರತು ಪೆನ್ನು ಹಿಡಿದಲ್ಲ. ಬೆಳಗ್ಗೆಯಿಂದ ಬರೆಯೋಕೆ ಕೂರ್ತೀನಿ, ಏಳ್ತೀನಿ. ಬಾಲ್ಕನಿಗೆ ಹೋಗಿ ಬಾಣಸವಾಡಿ ರೈಲ್ವೆ ಸ್ಟೇಷನ್ ಕಡೆ ನೋಡ್ತೀನಿ, ಮತ್ತೆ ಬಂದು ಕೂರ್ತೀನಿ. ಇದರ ಮಧ್ಯೆ ಸಂತೋಷ ಬೇರೆ — ಅದನ್ನ ಮುಚ್ಚಿಡೋಕಾಗಲ್ಲ ನೋಡಿ. ನಮ್ಮ ಮನೇಲಿ ಪುಸ್ತಕ ಓದಿದೋರೇ ಇಲ್ಲ, ನಮ್ಮ ಸಿಂಧು ಪುಸ್ತಕ ಬರೆದುಬಿಟ್ಟಳು! ಅದೂ ನಾನು ಓಡಿಸಿದ ಲಾರಿ ಮೇಲೆ! ಅಚ್ಚಿಗೆ ಕೊಡೋ ಮೊದಲು ಹಾಳೆಗಳನ್ನ ತಂದು ನನ್ನ ತೊಡೆ ಮೇಲಿಟ್ಟಳು. ಒಳಗೆ ನನ್ನ ಫೋಟೋ, ತುಂಬು ಮೀಸೆ, ಕ್ಯಾಬಿನ್ ಬಾಗಿಲಿಗೆ ಒರಗಿಕೊಂಡು. ನಾನು ತಡೀಲಾರದೆ ಬೀದಿಗೆಲ್ಲ ಮೈಸೂರುಪಾಕು ಹಂಚಿಬಿಟ್ಟೆ.

ಆ ಲಾರಿ ಮಾಡಿದ ಕಂಪನಿ ಮುಚ್ಚಿ ಎಷ್ಟೋ ಕಾಲ ಆಯ್ತು. ಅದರ ಕಾರು ಎಲ್ಲರಿಗೂ ನೆನಪಿದೆ — ಮದುವೆಗೆ ಬಾಡಿಗೆ ತಗೊಂಡಿದ್ದು, ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಸಾಲಾಗಿ ನಿಂತಿದ್ದು. ಅದೇ ಕಂಪನಿ ಲಾರಿಯನ್ನೂ ಮಾಡ್ತಿತ್ತು ಅಂದ್ರೆ ಇವತ್ತು ಯಾರೂ ನಂಬಲ್ಲ. ಕಂಪನಿಯಿಂದ ಬರೋದು ಬರೀ ಚಾಸಿ, ಇಂಜಿನ್, ಮುಂದಿನ ಮೂತಿ. ಉಳಿದ ಮೈಯೆಲ್ಲ ಶಿವಾಜಿನಗರದ ಬಡಗಿಗಳು ಮರದಲ್ಲಿ ಕಟ್ಟೋರು. ಬಾನೆಟ್ ಮೇಲೆ ಕಾರಿನದೇ ಗುರುತು ಇರ್ತಿದ್ದರಿಂದ ನಮ್ಮ ಕಡೆ ಅದಕ್ಕೆ 'ಕಾರ್ ಲಾರಿ' ಅಂತಲೇ ಹೆಸರು. ಬೇರೆ ಡ್ರೈವರುಗಳು ರೇಗಿಸೋರು: "ಏನ್ ಗುರು, ಲೋಡ್ ಹಾಕಿದೀಯೋ, ಮದುಮಗನ್ನ ಕೂರ್ಸಿದೀಯೋ?"

ಆ ಲಾರಿಯ ನರನಾಡಿ ಗೊತ್ತಿದ್ದವರು ನಜೀರ್ ಭಾಯ್. ಶಿವಾಜಿನಗರದಲ್ಲಿ ತಗಡಿನ ಶೆಡ್ಡು. ಕೆ.ಆರ್.ಪುರದ ನಮ್ಮ ರೆಡ್ಡಿ ಯಜಮಾನ್ರ ಲಾರಿ ಅಲ್ಲಿಗೇ ಹೋಗ್ತಿತ್ತು. ಆ ಸಲ ಬ್ರೇಕ್ ಪೂರ್ತಿ ಬಿಚ್ಚಿ ಕಟ್ಟಿದ ಮೇಲೆ ಅವರು ನನ್ನ ಭುಜ ಹಿಡಿದು ಹೇಳಿದ್ರು: "ಇಳಿಜಾರಲ್ಲಿ ಇಂಜಿನ್ ಬಂದ್ ಮಾಡೋದು ನಕ್ಕೋ ಮುನಿಯಪ್ಪ. ಇಂಜಿನ್ ನಿಂತ್ರೆ ಇದರ ಬ್ರೇಕಿಗೆ ಬಲ ಇಲ್ಲ. ಎರಡು ಸಲ ಒತ್ತೋಷ್ಟರಲ್ಲಿ ಪೆಡಲ್ ಕಲ್ಲಾಗುತ್ತೆ."

ತಲೆ ಆಡಿಸಿದೆ. ಆದ್ರೆ ನನಗೊಂದು ಜಂಬ ಇತ್ತು. ಇಳಿಜಾರು ಸಿಕ್ಕ ಕಡೆಯೆಲ್ಲ ನ್ಯೂಟ್ರಲ್ ಮಾಡಿ, ಇಂಜಿನ್ ನಿಲ್ಸಿ, ಸುಮ್ಮನೆ ಉರುಳಿಸ್ಕೊಂಡು ಹೋಗೋದು. ಡೀಸೆಲ್ ಉಳಿಯೋದು. "ನಮ್ಮ ಮುನಿಯಪ್ಪ ಗಾಳೀಲೇ ಲಾರಿ ಓಡಿಸ್ತಾನೆ" ಅಂತ ಯಜಮಾನ್ರು ನಾಲ್ಕು ಜನರ ಮುಂದೆ ಅಂದಿದ್ರು. ಆ ಒಂದು ಮಾತಿಗೆ —

ಅವತ್ತೇ ಶೆಡ್ಡಿನಿಂದ ಹೊರಟು, ಹಳೇ ಮರ ಲೋಡ್ ಮಾಡ್ಕೊಂಡು ಹಲಸೂರು ಕೆರೆ ಕಡೆ ಇಳೀತಿದ್ದೆ. ಮಟಮಟ ಮಧ್ಯಾಹ್ನ. ಇಂಜಿನ್ ಬಂದ್ ಮಾಡೋ ಗುಂಡಿ ಎಳೆದೆ, ಅದು ನಿಂತಿತು. ಎದುರಿಗೆ ಒಂದು ಹಸು ಬಂತು, ಬ್ರೇಕ್ ಒತ್ತಿದೆ. ಆಮೇಲೊಂದು ಸೈಕಲ್ಲು, ಮತ್ತೆ ಒತ್ತಿದೆ. ಮೂರನೇ ಸಲ ಪೆಡಲ್ ಮೇಲೆ ಎದ್ದು ನಿಂತ್ರೂ ಅದು ಜಗ್ಗಲಿಲ್ಲ. ರಸ್ತೆ ಪಕ್ಕದ ಇಸ್ತ್ರಿ ಗಾಡಿಯನ್ನ ಪುಡಿ ಮಾಡಿ, ಅದರ ಹಿಂದಿನ ಗೋಡೆಗೆ ಗುದ್ದಿ ಲಾರಿ ನಿಂತಿತು. ಇಸ್ತ್ರಿಯವನು ಬಟ್ಟೆ ಕೊಡೋಕೆ ಯಾರದೋ ಮನೆಗೆ ಹೋಗಿದ್ದ, ಉಳ್ಕೊಂಡ. ನನ್ನ ಭುಜದ ಮೂಳೆ ಮುರೀತು.

ಈಗ ಹೇಳೋದನ್ನ ಯಾರ ಹತ್ರವೂ ಹೇಳಿಲ್ಲ. ಜನ ಓಡಿ ಬರ್ತಿದ್ರು. ಮುರಿದ ಭುಜದ ನೋವಲ್ಲೂ ನನ್ನ ಇನ್ನೊಂದು ಕೈ ತಾನಾಗಿ ಹೋಗಿ, ಎಳೆದಿದ್ದ ಗುಂಡಿಯನ್ನ ವಾಪಸ್ ಒತ್ತಿತು. ಗುದ್ದಿದ ಏಟಿಗೆ ಇಂಜಿನ್ ನಿಂತಿರೋ ಹಾಗೆ ಕಾಣ್ಬೇಕಲ್ಲ. ಕೈ ತಾನಾಗಿ ಹೋಯ್ತು ಅಂತ ಬರೆದೆನಾ? ಇಲ್ಲ. ನಾನೇ ಒತ್ತಿದೆ. ಗೊತ್ತಿದ್ದೇ ಒತ್ತಿದೆ.

ಯಜಮಾನ್ರು ಆಸ್ಪತ್ರೆಗೆ ಬಂದು ಏನಾಯ್ತೋ ಅಂದ್ರು. ನಾನಂದೆ: "ಬ್ರೇಕ್ ಫೇಲಾಯ್ತು. ನಜೀರ್ ಭಾಯ್ ಸರಿಯಾಗಿ ಕಟ್ಟಿಲ್ಲ."

ಅಷ್ಟೇ. ಅಷ್ಟು ಸಾಕಾಯ್ತು. ಏಟಿಗೆ ಬ್ರೇಕಿನ ಪೈಪು ಕಿತ್ತು ಎಣ್ಣೆ ಸೋರಿತ್ತು, ನೋಡಿದವರೆಲ್ಲ ನಂಬಿದ್ರು. ಯಜಮಾನ್ರು ಶೆಡ್ಡಿಗೇ ಹೋಗಿ ಎಲ್ಲರೆದುರಿಗೆ ಕೂಗಾಡಿದ್ರಂತೆ: "ಬ್ರೇಕ್ ಕಟ್ಟೋಕೆ ಬರದೋನು ಬೋರ್ಡ್ ಯಾಕಯ್ಯಾ ಹಾಕ್ಕೊಂಡಿದೀಯ?" ನಜೀರ್ ಭಾಯ್ ಜಗಳ ಆಡಲಿಲ್ಲವಂತೆ. "ಮುನಿಯಪ್ಪ ಬದುಕಿದಾನಲ್ಲ ಸಾಹೇಬ್ರೇ" ಅಂದ್ರಂತೆ. ಸಂಜೆ ಬನ್ನು, ಹಾಲು ಹಿಡ್ಕೊಂಡು ಬಂದು ನನ್ನ ಮಂಚದ ಪಕ್ಕ ಕೂತ್ರು. ನನ್ನ ಮುಖ ನೋಡ್ಲಿಲ್ಲ. ನಾನೂ ನೋಡ್ಲಿಲ್ಲ. ಬನ್ನು ತಿಂದೆ.

ಶೆಡ್ಡಿಗೆ ಲಾರಿಗಳು ಬರೋದು ನಿಂತವು. ಅವರು ಬಾಗಿಲು ಹಾಕಿ, ಲಿಂಗರಾಜಪುರದಲ್ಲಿ ಪಂಕ್ಚರ್ ಅಂಗಡಿ ಇಟ್ಕೊಂಡ್ರು. ಕಾರ್ ಲಾರಿಗೂ 'ಬ್ರೇಕ್ ಇಲ್ದ ಲಾರಿ' ಅಂತ ಹೆಸರು ಬಂತು. ನಮ್ಮ ಕಡೆ ಇದ್ದವನ್ನ ಒಂದೊಂದಾಗಿ ಗುಜರಿಗೆ ಹಾಕಿದ್ರು. ರಂಜಾನ್ ಬಂದ್ರೆ ಮಾತ್ರ ಅವರ ಮನೆಯಿಂದ ನಮ್ಮನೆಗೆ ಶೀರ್ ಖುರ್ಮಾ ಬರೋದು ತಪ್ಪಲಿಲ್ಲ. ಅದನ್ನೂ ತಿಂದೆ. ಪಾತ್ರೆ ತೊಳೆದು, ಒಳಗೆ ಸಕ್ಕರೆ ಹಾಕಿ ವಾಪಸ್ ಕಳಿಸ್ದೆ. ಸಕ್ಕರೆ!

ಸಿಂಧು ಪುಸ್ತಕಕ್ಕೆ ಅಂತ ಕೇಳಿದಾಗಲೂ ಅದೇ ಹಳೇ ಕಥೆ ಹೇಳ್ದೆ. ನಾಲಿಗೆಗೆ ಅಭ್ಯಾಸ ಆಗ್ಬಿಟ್ಟಿತ್ತು. ಅವಳು ಬಿಡೋ ಹುಡುಗಿಯಲ್ಲ, ನಜೀರ್ ಭಾಯ್ ಮನೆಯನ್ನೂ ಹುಡುಕಿಕೊಂಡು ಹೋದಳು. ಕುಣೀತಾ ವಾಪಸ್ ಬಂದಳು. "ತಾತ, ನೀನು ಹೇಳಿದ್ದೂ ಅವ್ರು ಹೇಳಿದ್ದೂ ಒಂದೇ! ಕೇಳು ಇಲ್ಲಿ" ಅಂತ ಫೋನಲ್ಲಿ ರೆಕಾರ್ಡ್ ಮಾಡ್ಕೊಂಡಿದ್ದನ್ನ ಹಚ್ಚಿದಳು.

ಮುದಿ ದನಿ. ಆದರೂ ಗುರುತು ಸಿಕ್ತು. "ಪೈಪಿನ ನಟ್ಟು ಬಿಗಿ ಮಾಡಿದ್ದು ನಾನೇ ಬೇಟಿ. ಎಲ್ಲೋ ಒಂದು ಸುತ್ತು ಕಮ್ಮಿ ಆಗಿರ್ಬೇಕು. ನಿಮ್ಮ ತಾತನ್ನ ಕೊಂದೇಬಿಡ್ತಿದ್ದೆ ನಾನು. ಆಮೇಲೆ ಬ್ರೇಕ್ ಕೆಲಸ ಮುಟ್ಟಲೇ ಇಲ್ಲ. ಕೈ ಮೇಲೆ ಭರೋಸಾ ಹೋಯ್ತು."

ನಾನು ಅಂದ್ಕೊಂಡಿದ್ದೆ, ಅವರಿಗೆ ಸತ್ಯ ಗೊತ್ತು, ದೊಡ್ಡ ಮನಸ್ಸಿಂದ ಸುಮ್ಮನಿದಾರೆ ಅಂತ. ಹಾಗಂದ್ಕೊಂಡೇ ನಿದ್ದೆ ಮಾಡ್ತಿದ್ದೆ. ಆದ್ರೆ ಅವರು ನಂಬಿಬಿಟ್ಟಿದಾರೆ! ನನ್ನ ಸುಳ್ಳನ್ನ ನನಗಿಂತ ಚೆನ್ನಾಗಿ ನಂಬಿದಾರೆ.

"ಎರಡು ಸಾಕ್ಷಿ ಸಿಕ್ತು ತಾತ, ಇನ್ನು ಯಾರೂ ಅಲ್ಲಗಳೆಯೋಕಾಗಲ್ಲ" ಅಂದಳು ಮಗು. ಆಮೇಲೆ ಹಾಳೆಗಳನ್ನ ತಂದಾಗ ಆ ಪುಟ ತೋರಿಸಿದಳು: ಈ ಲಾರಿಗಳ ಬ್ರೇಕು ದುರ್ಬಲ, ಬಲ್ಲ ಮೆಕ್ಯಾನಿಕ್ಕಿಗೂ ಕೈ ಕೊಡ್ತಿತ್ತು ಅಂತ ಬರೆದಿದ್ದಳು. ಕೆಳಗೆ ನನ್ನ ಹೆಸರು. ಪಕ್ಕದಲ್ಲೇ ಅವರದು.

ನಿನ್ನೆ ಅವಳಿಗೆ ಎಲ್ಲ ಹೇಳ್ದೆ. ಅವಳು ಬೈಯಲಿಲ್ಲ. ನನ್ನ ಫೋಟೋ ಇದ್ದ ಹಾಳೆ ಎತ್ತಿ ನೋಡಿದಳು. ಆಮೇಲೆ, "ಆ ಪುಟ ಕಿತ್ತಾಕ್ತೀನಿ. ಆ ಜಾಗಕ್ಕೆ ನೀನೇ ಬರೆದುಕೊಡು, ನಿನ್ನ ಮಾತಲ್ಲೇ" ಅಂದಳು. ನಾನು ಕೇಳಿದೆ, ನಜೀರ್ ಭಾಯ್‌ಗೂ ನೀನೇ ಒಂದು ಮಾತು ತಿಳಿಸ್ತೀಯೇನಮ್ಮ, ಅಂತ. "ಇಲ್ಲ ತಾತ" ಅಂದು ಎದ್ದು ಹೋದಳು. ದಿನಾ ಹೋಗುವಾಗ ನನ್ನ ಕೆನ್ನೆ ಹಿಂಡೋಳು, ನಿನ್ನೆ ಹಿಂಡಲಿಲ್ಲ.

ಅವಳ ಪುಸ್ತಕದಲ್ಲಿ ಈ ಪುಟ ಇರ್ಲಿ. ಆದ್ರೆ ನಜೀರ್ ಭಾಯ್‌ಗೆ ಕನ್ನಡ ಮಾತು ಬರುತ್ತೆ, ಓದೋಕೆ ಬರಲ್ಲ. ನಾನು ಎಷ್ಟು ಬರೆದ್ರೂ ಅವರಿಗೆ ಮುಟ್ಟಲ್ಲ. ಅದಕ್ಕೇ ಬೆಳಗ್ಗೆಯಿಂದ ಈ ಏಳೋದು, ಕೂರೋದು.

ಇಗೋ, ಚಪ್ಪಲಿ ಹಾಕ್ಕೊಂಡಿದೀನಿ. ಲಿಂಗರಾಜಪುರ ಏನು ದೂರ, ಆಟೋದಲ್ಲಿ ಹೋದ್ರಾಯ್ತು. ಕೈಯಲ್ಲಿ ಸ್ವೀಟ್ ಡಬ್ಬಿ ಹಿಡ್ಕೊಂಡು ಹೋಗಲ್ಲ. ಅವರು ಟೀ ತರಿಸೋ ಮುಂಚೆ, ಕೂರು ಅನ್ನೋ ಮುಂಚೆ, ಬಾಗಿಲಲ್ಲಿ ನಿಂತೇ ಹೇಳ್ತೀನಿ — ನಿಮ್ಮ ನಟ್ಟು ಸಡಿಲ ಇರಲಿಲ್ಲ, ನಜೀರ್ ಭಾಯ್. ಇಂಜಿನ್ ನಾನೇ ಬಂದ್ ಮಾಡಿದ್ದೆ.