ಕಣ್ಣು ಮುಚ್ಚಿ ಗಾಡಿ ನೋಡುವ ಮಾಣಿಕಪ್ಪ ಮಿಸ್ತ್ರಿ

ಮಾಣಿಕಪ್ಪ ಮಿಸ್ತ್ರಿ ಗಾಡಿ ರಿಪೇರಿ ಶುರುಮಾಡುತ್ತಿದ್ದುದು ಕಣ್ಣು ಮುಚ್ಚಿಕೊಂಡು. ಬಾನೆಟ್ ಎತ್ತುವುದೆಲ್ಲ ಆಮೇಲೆ. ಮೊದಲು ಮಾಲೀಕರನ್ನೇ ಸ್ಟೇರಿಂಗಿಗೆ ಕೂರಿಸಿ, ತಾವು ಪಕ್ಕದಲ್ಲಿ ಕೂತು, ಜನವಾಡದ ದಾರಿ ಹಿಡಿಸುತ್ತಿದ್ದರು. ರೇಡಿಯೋ ಬಂದ್, ಮಾತು ಬಂದ್. ಹೊಸಬರು ಮಿಸ್ತ್ರಿಗೆ ನಿದ್ದೆ ಹತ್ತಿತೆಂದೇ ತಿಳಿಯುತ್ತಿದ್ದರು.

ಬೀದರಿನ ಅವರ ಗ್ಯಾರೇಜಿಗೆ ನಾನು ಹೋದದ್ದು ನಮ್ಮ ಯಜಮಾನರು ತೀರಿಕೊಂಡ ವರ್ಷ. ಅವರು ಆಸೆಪಟ್ಟು ಕೊಂಡಿದ್ದ ಹಳೆಯ ಕೆಂಪು ಕಾರು ಮನೆಯಲ್ಲಿತ್ತು. ಗಾತ್ರದಲ್ಲಿ ಗಿಡ್ಡ, ಎಂಜಿನ್ ಮಾತ್ರ ಓಟದ್ದು. ನಾನು ಪಾಠ ಹೇಳುತ್ತಿದ್ದ ಔರಾದಿನ ಶಾಲೆಗೆ ಅದರಲ್ಲೇ ಹೋಗಿಬರಬೇಕೆಂದು ನನ್ನ ಹಟ. ಆಕ್ಸಿಲರೇಟರ್ ಒತ್ತಿದರೆ ಅದು ಬಿಕ್ಕಳಿಸುತ್ತಿತ್ತು. ಮಾರಿಬಿಡು ಎಂದು ಮನೆಯಲ್ಲಿ ಎಲ್ಲರದೂ ಒಂದೇ ಮಾತು. ಅವರು ಕೂತ ಸೀಟಿನಲ್ಲಿ ಬೇರೆ ಯಾರೋ ಕೂರುವುದು ನನಗೆ ಬೇಡವಾಗಿತ್ತು.

"ಏನಾಗ್ಯದ್ರಿ ಅಕ್ಕಾರ?" ಎಂದರು ಮಿಸ್ತ್ರಿ.

"ಸೌಂಡ್ ಬರ್ತದ್ರಿ."

"ಸೌಂಡ್ ಎಲ್ಲಾ ಗಾಡಿ ಮಾಡ್ತಾವ. ಥಂಡಿ ಇದ್ದಾಗೋ, ಬಿಸಿ ಆದ ಮ್ಯಾಗೋ? ನಿಂತಾಗೋ, ಓಡುವಾಗೋ? ಅದು ಹೇಳ್ರಿ."

ಜನವಾಡದ ತನಕ ಹೋಗಿ ಬಂದ ಮೇಲೆ ಕಣ್ಣು ತೆರೆದರು. ಎಂಜಿನ್ ಚಾಲೂ ಇಟ್ಟು, ಪ್ಲಗ್ಗುಗಳಿಗೆ ಕಿಡಿ ಕೊಡುವ ಕಾಯಿಲ್‌ಗಳ ವೈರನ್ನು ಒಂದೊಂದಾಗಿ ಬಿಚ್ಚಿ ಹಾಕಿದರು. ಪ್ರತಿಸಲ ಎಂಜಿನ್ ನರಳಿತು, ಒಂದನ್ನು ಬಿಚ್ಚಿದಾಗ ಮಾತ್ರ ಅದರ ಸದ್ದು ಬದಲಾಗಲಿಲ್ಲ. ಆ ಕಾಯಿಲ್ ಕಿತ್ತು ಪಕ್ಕದ ಸಿಲಿಂಡರಿಗೆ ಹಾಕಿದರು. ದೋಷವೂ ಅಲ್ಲಿಗೇ ಹೋಯಿತು.

"ನೋಡ್ರಿ, ಕಳ್ಳ ಮನಿ ಬದಲಿ ಮಾಡ್ಯಾನ. ಪ್ಲಗ್ ಛಲೋ ಅದ, ಕಾಯಿಲೇ ಖರಾಬ್. ಇಡೀ ಜಿಲ್ಲಾದಾಗ ಇಂಥ ಕಿವಿ ಇನ್ನೊಂದಿಲ್ರಿ." ವಿನಯ ಅವರ ಹತ್ತಿರ ಸುಳಿದದ್ದೇ ಇಲ್ಲ. ಅದಕ್ಕೇ ಅವರು ನನಗೆ ಇಷ್ಟವಾದರು.

ಕಾರು ಸರಿಯಾದರೂ ಮನೆಯವರು ಬಿಡಲಿಲ್ಲ. ಭಾಲ್ಕಿಯಲ್ಲಿದ್ದ ಮೈದುನ ಗಿರಾಕಿಯನ್ನೇ ಹುಡುಕಿಬಿಟ್ಟ. ಕಡುಬೇಸಿಗೆಯಲ್ಲಿ ಕಾರು ತೋರಿಸಲು ನಾನೂ ಅತ್ತೆಯೂ ಹೊರಟೆವು. ದಾರಿಯಲ್ಲಿ ರೈಲ್ವೆ ಗೇಟ್ ಹಾಕಿತ್ತು. ನಿಂತಲ್ಲೇ ಎಂಜಿನ್ ಬಿಸಿ ತೋರಿಸುವ ಮುಳ್ಳು ಏರತೊಡಗಿತು. ಎಂಜಿನ್ ಆರಿಸಿ ಮಿಸ್ತ್ರಿಗೆ ಫೋನ್ ಹಚ್ಚಿದೆ.

"ನಿಂತಾಗ ಏರ್ಲತ್ತದ್ರಿ. ಓಡುವಾಗ ಏನಿಲ್ಲ. ಮುಂದಿನ ಫ್ಯಾನಿನ ಸಪ್ಪಳನೂ ಇಲ್ಲ" ಎಂದೆ.

"ಹಂಗಾದ್ರ ನೀವೇ ಹೇಳಿದ್ರಲ್ಲ. ಫ್ಯಾನ್ ನಿಂತದ. ರೇಡಿಯೇಟರ್ ಮುಚ್ಚಳ ಮುಟ್ಟಬ್ಯಾಡ್ರಿ. ಆರಲಿ ಬಿಡ್ರಿ. ಆಮ್ಯಾಗ ಪೂರಾ ಹೀಟರ್ ಹಚ್ಚಿ, ಎಲ್ಲೂ ನಿಲ್ಲದಂಗ ಹೋಗ್ರಿ. ಎಂಜಿನ್ ಬಿಸಿ ನಿಮ್ಮ ಮೈಮ್ಯಾಲ ಬರ್ತದ."

ಮುಳ್ಳು ಇಳಿದ ಮೇಲೆ ಆ ಉರಿಬಿಸಿಲಿನಲ್ಲಿ ಹೀಟರ್ ಹಚ್ಚಿದೆ. "ನನ್ನ ಕುದಿಸ್ಲಾಕ ಒಯ್ಯಲತ್ತಿಯೇನ?" ಎಂದರು ಅತ್ತೆ. ಯಾಕೆಂದು ಬಿಡಿಸಿ ಹೇಳಿದೆ. ಅವರು ಮುಳ್ಳನ್ನೇ ನೋಡುತ್ತ ಕೂತರು. ಭಾಲ್ಕಿ ಮುಟ್ಟುವ ತನಕ ಅದು ಏರಲಿಲ್ಲ.

ಮೈದುನನ ಮನೆಯ ಮುಂದೆ ಗಿರಾಕಿ ಕಾಯುತ್ತಿದ್ದ. ಅತ್ತೆ ಬೆವರಿನಲ್ಲಿ ತೊಯ್ದು ಇಳಿದು, ಸೆರಗಿನಿಂದ ಮುಖ ಒರೆಸಿಕೊಂಡು ಮಗನಿಗೆ ಹೇಳಿದರು: "ಗಾಡಿ ಕೊಡೂದಿಲ್ಲ. ಅಕಿಗಿ ಅದರ ಸ್ವಭಾವ ಗೊತ್ತದ." ನನಗೆ ಅಳು ಬಂತು. ಬೆವರಿನಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ಮುಂದೆ ಕೆಲವು ವರ್ಷಗಳಲ್ಲಿ ಮಿಸ್ತ್ರಿಯ ಕಿವಿ ಮಂದವಾಯಿತು. ಯಾರೂ ಹೇಳುವ ಮುಂಚೆ ತಾವೇ ಗ್ಯಾರೇಜ್ ಮುಚ್ಚಿದರು. "ಅಂದಾಜಿನ ಮ್ಯಾಲ ಮಂದಿ ಗಾಡಿ ಮುಟ್ಟಬಾರದ್ರಿ" ಎಂದು ಭಾಲ್ಕಿಯ ಮಗಳ ಮನೆ ಸೇರಿದರು. ಒಮ್ಮೆ ಅಲ್ಲಿಗೆ ಹೋದೆ. ಅಂಗಳದಲ್ಲಿ ಕೂತಿದ್ದವರು ಕಾರನ್ನು ನೋಡಿ ಎದ್ದು ಬಂದು ಬಾನೆಟ್ ಮೇಲೆ ಕೈಯಿಟ್ಟರು.

"ಏನಾಗ್ಯದ್ರಿ?"

ಕಿವಿಯ ಹತ್ತಿರ ಬಾಯಿಟ್ಟು ಹೇಳಿದೆ: "ಮುಂದಿನ ಎಡಗಾಲಿ. ತಗ್ಗಿಗಿ ಬಿದ್ದಾಗ ಅಷ್ಟೇ ಟಕ್ ಅಂತದ. ಗಾಲಿ ಹಿಡಿಯೋ ಲೋವರ್ ಆರ್ಮಿನ ರಬ್ಬರ್ ಬುಶ್ ಸವದದ."

"ಎಲ್ಲಾ ಗೊತ್ತದ. ಮತ್ತ ನನ್ನ ಹಂತ್ಯಾಕ ಯಾಕ ಬಂದೀರಿ?"

"ನಿಮಗ ನೋಡ್ಲಾಕ ಬಂದೀನ್ರಿ" ಎಂದೆ. ಕೇಳಿಸಲಿಲ್ಲ. ಇನ್ನೊಮ್ಮೆ, ಓಣಿಗೆಲ್ಲ ಕೇಳುವ ಹಾಗೆ ಹೇಳಿದೆ.

ಅವರು ಬಾನೆಟ್ ಮೇಲಿನ ಕೈ ತೆಗೆದು, ಬಗ್ಗಿ ಎಡಗಾಲಿಯನ್ನು ಮುಟ್ಟಿ ನೋಡಿದರು. ಆಮೇಲೆ, "ನೋಡಿದ್ರಲ್ಲ. ಈಗ ಬುಶ್ ಹಾಕಿಸ್ರಿ, ಇಲ್ಲಾಂದ್ರ ಟೈರ್ ತಿಂತದ" ಎಂದರು. ಅವರಿಂದ ನಾನು ಕೇಳಿದ ಕೊನೆಯ ಮಾತು ಅದು.

ಮಿಸ್ತ್ರಿ ತೀರಿಹೋದ ಸುದ್ದಿ ಬಂದಾಗ ನಾನು ಕೀಲಿಕೈ ತೆಗೆದುಕೊಳ್ಳುವಷ್ಟರಲ್ಲಿ ಅತ್ತೆ ಸೀರೆ ಬದಲಿಸಿ ಕಾರಿನ ಹತ್ತಿರ ನಿಂತಿದ್ದರು.